ಮಕ್ಕಳ ಕಾಲೇಜು ಖರ್ಚು: ಸೇರಿಸುವ ಮುಂಚೆ ಕೂತು ಲೆಕ್ಕ ಬರೆಯೋಣ



ಪ್ರತಿ ವರ್ಷ ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಕಚೇರಿಗೆ ತಾಯಂದಿರು ಬರುತ್ತಾರೆ. ಕೈಯಲ್ಲಿ ಮಗಳ ಅಂಕಪಟ್ಟಿ, ಪಕ್ಕದಲ್ಲಿ ಮಗಳು. ಕೇಳೋದು ಒಂದೇ ಮಾತು: "ಸಿಸ್ಟರ್, ಫೀಸಿಗೆ ಸಂಘದಿಂದ ಎಷ್ಟು ಸಾಲ ಸಿಗುತ್ತೆ?" ಸಂಘದ ಪುಸ್ತಕ ತೆಗೆದು ನೋಡಿದರೆ ಇದಕ್ಕೆ ಉತ್ತರ ಸಿಕ್ಕಿಬಿಡುತ್ತೆ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಬೇರೆ ಪ್ರಶ್ನೆ ಇದೆ. ಅದು ನಮಗೆ ತಿಳಿದದ್ದು ನಾವೇ ಒಂದು ತಪ್ಪು ಮಾಡಿದ ಮೇಲೆ. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ.

ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸಂಘ. ಅಲ್ಲಿಯ ಸದಸ್ಯೆಯೊಬ್ಬರ ಮಗಳಿಗೆ ನರ್ಸಿಂಗ್ ಓದುವ ಆಸೆ. ಓದುವುದರಲ್ಲೂ ಚುರುಕು. ಊರಿಗೆ ಬಂದ ಏಜೆಂಟ್ ಒಬ್ಬ, "ಬೆಂಗಳೂರಲ್ಲಿ ಸೀಟು ಕೊಡಿಸ್ತೀನಿ, ಅರವತ್ತು ಸಾವಿರ ಕಟ್ಟಿದರೆ ಸಾಕು" ಅಂದ. ಸಂಘ 40,000 ಸಾಲ ಕೊಟ್ಟಿತು. ಉಳಿದ 20,000ಕ್ಕೆ ತಾಯಿ ತಮ್ಮ ಓಲೆ ಅಡ ಇಟ್ಟರು. ಸಂಘದ ಸಭೆಯಲ್ಲಿ ಕೂತು "ಕೊಡಿ, ಒಳ್ಳೆ ಕೆಲಸ" ಅಂದವರು ನಾವೇ. ಅದು ನಾಲ್ಕು ವರ್ಷದ ಕೋರ್ಸು. ಎರಡನೇ ವರ್ಷಕ್ಕೆ ಎಷ್ಟು, ಹಾಸ್ಟೆಲ್ಲಿಗೆ ಎಷ್ಟು, ಊಟಕ್ಕೆ, ಯೂನಿಫಾರಂಗೆ, ಪರೀಕ್ಷೆಗೆ ಎಷ್ಟು ಅಂತ ಅಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಎರಡನೇ ವರ್ಷಕ್ಕೆ ಎಲ್ಲ ಸೇರಿ 95,000 ಕೇಳಿದರು. ಮನೆಯಲ್ಲಿ ದುಡ್ಡಿರಲಿಲ್ಲ. ಹುಡುಗಿ ಊರಿಗೆ ವಾಪಸ್ ಬಂದಳು. ಬಾಕಿ ಕಟ್ಟುವವರೆಗೆ ಮೂಲ ಅಂಕಪಟ್ಟಿ ಕೊಡೋಲ್ಲ ಅಂತ ಕಾಲೇಜಿನವರು ಹಿಡಿದುಕೊಂಡರು. ಅದು ಕೈಗೆ ಬರುವಷ್ಟರಲ್ಲಿ ಇಲ್ಲಿಯ ಸರ್ಕಾರಿ ಕಾಲೇಜಿಗೆ ಸೇರುವ ಸಮಯವೂ ಮುಗಿದಿತ್ತು. (ಮೂಲ ದಾಖಲೆಗಳನ್ನು ಕಾಲೇಜುಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಸೂಚನೆ ಹೊರಡಿಸಿದೆ. ಆಗ ನಮಗೆ ಅದು ತಿಳಿದಿರಲಿಲ್ಲ. ನಿಮಗೆ ತಿಳಿದಿರಲಿ.) ಆ ಮಗಳು ಈಗ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಸಂಘದ ಸಾಲ ತೀರಿಸಿದ್ದೂ ಅವಳೇ.

ಅಂದಿನಿಂದ ನಾವು ತಾಯಂದಿರಿಗೆ ಹೇಳುವುದು ಇಷ್ಟೇ: ಸಾಲದ ಮಾತು ಆಮೇಲೆ. ಮೊದಲು ಕೋರ್ಸು ಮುಗಿಯುವವರೆಗಿನ ಖರ್ಚು ಬರೆಯೋಣ, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು.

ಫೀಸು ಆರು ಸಾವಿರ, ಖರ್ಚು ಇಪ್ಪತ್ತೇಳು ಸಾವಿರ

ಎಚ್.ಡಿ. ಕೋಟೆ ಕಡೆಯ ಒಬ್ಬ ತಾಯಿಯ ಜೊತೆ ಕೂತು ಬರೆದ ಲೆಕ್ಕ ಇಲ್ಲಿದೆ. ಮಗಳು ದಿನಾ ಹಳ್ಳಿಯಿಂದ ಸರ್ಕಾರಿ ಪದವಿ ಕಾಲೇಜಿಗೆ ಹೋಗಿಬರುವವಳು. "ಏನಿಲ್ಲ ಸಿಸ್ಟರ್, ಆರು ಸಾವಿರ ಅಷ್ಟೇ" ಅಂದುಕೊಂಡೇ ತಾಯಿ ಬಂದಿದ್ದರು. ಕಾಲೇಜಿಗೆ ಕಟ್ಟುವ ದುಡ್ಡು, ಪರೀಕ್ಷಾ ಶುಲ್ಕ ಸೇರಿ 6,000. ಪುಸ್ತಕ, ನೋಟ್ಸು 2,500. ಹಳ್ಳಿಯಿಂದ ಬಸ್ಸು ನಿಲ್ಲುವ ರಸ್ತೆಯವರೆಗೆ ಆಟೋಗೆ ದಿನಕ್ಕೆ 20, ಇನ್ನೂರು ದಿನಕ್ಕೆ 4,000. ಟೀ, ತಿಂಡಿಗೆ ದಿನಕ್ಕೆ 30 ಅಂದರೆ 6,000. ಫೋನ್ ರೀಚಾರ್ಜ್ ತಿಂಗಳಿಗೆ 300ರಂತೆ 3,600. ಬಟ್ಟೆ, ಚಪ್ಪಲಿ, ಬ್ಯಾಗು 4,000. ಜೆರಾಕ್ಸು, ಪ್ರಾಜೆಕ್ಟು ಅಂತ 1,500. ಕೂಡಿದರೆ 27,600.

ಬಸ್ಸಿಗೆ ಸೊನ್ನೆ ಬರೆದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲವಲ್ಲ. ಗಂಡುಮಗನಾದರೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ರಿಯಾಯಿತಿ ಪಾಸ್ ಮಾಡಿಸಬೇಕು, ಅದರ ದುಡ್ಡು ಸೇರಿಸಿಕೊಳ್ಳಿ.

ಲೆಕ್ಕ ನೋಡಿ ಆ ತಾಯಿ ಹೆದರಿಬಿಟ್ಟರು. ಆದರೆ ಇನ್ನೊಂದು ಸಲ ನೋಡಿ. 27,600ರಲ್ಲಿ ಒಂದೇ ಸಲ ಕಟ್ಟಬೇಕಾದ್ದು 6,000. ಉಳಿದ 21,600 ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,800. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2,000. ಅದು ಕೆಲವು ಸಲ ತಡವಾಗುತ್ತೆ, ಮನೆ ಸಾಮಾನಿಗೂ ಸಂಘದ ಕಂತಿಗೂ ಅದರ ಮೇಲೇ ಕಣ್ಣಿರುತ್ತೆ, ಗೊತ್ತು. ಅದಕ್ಕೇ ಡೇರಿಯ ಹಾಲಿನ ದುಡ್ಡನ್ನೂ ಜೊತೆಗೆ ಇಟ್ಟುಕೊಳ್ಳಿ. ಕೂಡಿಸಿ ನೋಡಿದಾಗ ಭಾರ ಅನ್ನಿಸಿದ್ದು ಬಿಡಿಸಿ ನೋಡಿದಾಗ ಅಷ್ಟು ಭಾರ ಅನ್ನಿಸಲಿಲ್ಲ. ಮೂರು ವರ್ಷಕ್ಕೆ ಎಷ್ಟು ಅಂತಲೂ ಅವತ್ತೇ ಬರೆದೆವು.

ದುಡ್ಡು ಬರುವ ಕಾಲ, ಫೀಸು ಕಟ್ಟುವ ಕಾಲ

ನಮ್ಮ ತಾಲ್ಲೂಕುಗಳ ನಿಜವಾದ ತೊಂದರೆ ಇಲ್ಲಿದೆ. ಕಾಲೇಜಿಗೆ ಸೇರಿಸುವುದು ಮೇ ತಿಂಗಳಿಂದ ಆಗಸ್ಟ್ ಒಳಗೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಆಗ ಹೊಗೆಸೊಪ್ಪಿನ ಸಸಿ ನಾಟಿ, ಗೊಬ್ಬರ, ಕೂಲಿ, ಆಮೇಲೆ ಬ್ಯಾರನ್‌ಗೆ ಸೌದೆ. ದುಡ್ಡು ಕೈಯಿಂದ ಹೋಗುವ ಕಾಲವೇ ಹೊರತು ಬರುವ ಕಾಲವಲ್ಲ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಹರಾಜು ಶುರುವಾಗಿ ಬೇಲು ಹೋಗಿ ದುಡ್ಡು ಕಾಣುವಷ್ಟರಲ್ಲಿ ದಸರಾ ದೀಪಾವಳಿ. ಕೋಟೆ, ಸರಗೂರಿನ ಹತ್ತಿಯೂ ಹೆಚ್ಚುಕಡಿಮೆ ಹಾಗೆಯೇ. ಕೆ.ಆರ್. ನಗರದ ನಾಲೆ ಬಯಲಿನ ಭತ್ತ ಇನ್ನೂ ತಡ, ಸಂಕ್ರಾಂತಿ ಹತ್ತಿರ. ನಡುವಿನ ಐದಾರು ತಿಂಗಳಿಗೆ ನಾವು ಬಡ್ಡಿ ಕಟ್ಟುತ್ತೇವೆ.

ಎಷ್ಟು ಬಡ್ಡಿ ಅಂತ ಲೆಕ್ಕ ಹಾಕಿ. ಜೂನ್‌ನಲ್ಲಿ 20,000 ಕೈಸಾಲ, ತಿಂಗಳಿಗೆ ನೂರಕ್ಕೆ ಐದು. ನವೆಂಬರ್‌ಗೆ ತೀರಿಸಿದರೂ ಬಡ್ಡಿಯೇ 5,000. ಅದೇ ಸಂಘದಲ್ಲಿ ನೂರಕ್ಕೆ ಎರಡಾದರೆ 2,000, ಅದೂ ನಿಮ್ಮ ಸಂಘದಲ್ಲೇ ಉಳಿಯುತ್ತೆ. ಹಿಂದಿನ ನವೆಂಬರ್‌ನಲ್ಲೇ ಎತ್ತಿಟ್ಟಿದ್ದರೆ ಬಡ್ಡಿ ಕಟ್ಟುವ ಮಾತೇ ಇಲ್ಲ, ಬ್ಯಾಂಕೇ ನಾಲ್ಕು ಕಾಸು ಕೊಡುತ್ತೆ.

"ಎತ್ತಿಡೋದಕ್ಕೆ ದುಡ್ಡು ನಮ್ಮ ಕೈಗೆಲ್ಲಿ ಬರುತ್ತೆ ಸಿಸ್ಟರ್?" ಅಂತ ನೀವು ಕೇಳುತ್ತೀರಿ. ನಿಜ. ಹೊಗೆಸೊಪ್ಪಿನ ಲೈಸೆನ್ಸ್ ಯಜಮಾನರ ಹೆಸರಲ್ಲಿ, ದುಡ್ಡು ಬೀಳೋದು ಅವರ ಖಾತೆಗೆ, ಅದರಲ್ಲಿ ಬ್ಯಾಂಕಿನವರು ಬೆಳೆಸಾಲ ಮುರಿದುಕೊಳ್ಳುತ್ತಾರೆ. ಉಳಿದದ್ದು ಕೈಗೆ ಬಂದ ಮೇಲೆ ಮಾತು ತೆಗೆದರೆ ಆಗಲೇ ಅದಕ್ಕೆ ನೂರು ದಾರಿ ಆಗಿರುತ್ತೆ. ಆದ್ದರಿಂದ ಗೌರಿ ಹಬ್ಬದ ಹೊತ್ತಿಗೇ, ಹರಾಜಿಗೆ ಮುಂಚೆಯೇ ಮನೆಯಲ್ಲಿ ಮಾತಾಡಿ: "ಮೊದಲ ಬೇಲಿನ ದುಡ್ಡಲ್ಲಿ ಇಂತಿಷ್ಟು ಮಗಳ ಮುಂದಿನ ಜೂನ್‌ಗೆ." ತಾಯಿ-ಮಗಳ ಜಂಟಿ ಖಾತೆಯಲ್ಲಿ ಠೇವಣಿ ಮಾಡಿ. ಮಾತು ಹೇಳುವಾಗ ಬರೆದ ಲೆಕ್ಕದ ಹಾಳೆ ಕೈಯಲ್ಲಿರಲಿ. ಬಾಯಿಮಾತಿಗಿಂತ ಹಾಳೆಗೆ ಬೆಲೆ ಹೆಚ್ಚು ಅನ್ನೋದನ್ನ ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ.

ಸರ್ಕಾರದ ದುಡ್ಡು: ಬರುತ್ತೆ, ತಡವಾಗಿ

ಸಾಲಕ್ಕೆ ಕೈಚಾಚುವ ಮುಂಚೆ ಹಕ್ಕಿನಿಂದ ಬರುವುದನ್ನು ಕೇಳಿ. ಪಿಯುಸಿಯ ಮೇಲಿನ ಓದಿಗೂ ಎಸ್ಸೆಸ್ಸೆಲ್ಸಿ ನಂತರದ ವಿದ್ಯಾರ್ಥಿವೇತನ ಇದೆ, ಅರ್ಜಿ ಎಸ್‌ಎಸ್‌ಪಿ ಎಂಬ ರಾಜ್ಯದ ಆನ್‌ಲೈನ್ ವ್ಯವಸ್ಥೆಯಲ್ಲಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆ ವಿದ್ಯಾಸಿರಿ. 2013ರಲ್ಲಿ ಶುರುವಾದಾಗ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ ಇತ್ತು. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುವ ವಿದ್ಯಾರ್ಥಿವೇತನವೊಂದಿದೆ. ಮೇಲೆ ಬರೆದ 27,600ರ ಲೆಕ್ಕ ಇದೊಂದರಲ್ಲೇ ಮುಗಿಯುತ್ತೆ ನೋಡಿ. ಇದಕ್ಕೆ ಅರ್ಜಿ ಹಾಕದೆ ಬಿಟ್ಟ ಹುಡುಗಿಯರನ್ನು ಕಂಡಾಗ ನಮಗೆ ನಿಜವಾಗಿ ಹೊಟ್ಟೆ ಉರಿಯುತ್ತೆ. ಕೋಟೆ ಕಡೆಯ ಹಾಡಿಗಳ ಮಕ್ಕಳಿಗೆ ಪರಿಶಿಷ್ಟ ವರ್ಗದ ಹಾಸ್ಟೆಲ್‌ನಲ್ಲಿ ಊಟ, ವಸತಿ ಉಚಿತ. ಆದರೂ ಹಬ್ಬಕ್ಕೆ ಬಂದ ಮಗ ವಾಪಸ್ ಹೋಗಲು ಬಸ್ ಚಾರ್ಜಿಲ್ಲದೆ ವಾರಗಟ್ಟಲೆ ಹಾಡಿಯಲ್ಲೇ ಉಳಿದು, ಕೊನೆಗೆ ಓದೇ ನಿಂತದ್ದೂ ಇದೆ. ಇನ್ನೂರು ಮುನ್ನೂರು ರೂಪಾಯಿಯ ಮಾತು. ಇಂಥದ್ದಕ್ಕೆ ಸಂಘ ಬಡ್ಡಿಯಿಲ್ಲದೆ ಕೊಡಬಾರದೆ?

ಅರ್ಜಿ ಹಾಕುವವರು ಮೂರು ವಿಷಯ ನೋಡಿಕೊಳ್ಳಿ. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ರಜೆಯಲ್ಲೇ ತೆಗೆಸಿ. ಅದರ ಮೇಲಿರುವ ಆರ್.ಡಿ. ನಂಬರನ್ನೇ ಅರ್ಜಿಯಲ್ಲಿ ಕೇಳೋದು. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಹೆಸರು ಒಂದೇ ರೀತಿ ಇರಲಿ. ಎಲ್ಲಕ್ಕಿಂತ ಮುಖ್ಯ, ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಆ ಖಾತೆ ಇನ್ನೂ ಚಾಲ್ತಿಯಲ್ಲಿದೆಯೇ ಅಂತ ಬ್ಯಾಂಕಿಗೇ ಹೋಗಿ ಕೇಳಿ. ದುಡ್ಡು ಹೋಗೋದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಶಾಲೆಯಲ್ಲಿದ್ದಾಗ ತೆರೆದು ಮರೆತ ಖಾತೆಗೆ ಜೋಡಣೆಯಾಗಿದ್ದರೆ "ಬಂದಿಲ್ಲ, ಬಂದಿಲ್ಲ" ಅಂತ ವರ್ಷವೆಲ್ಲ ಅಲೆಯಬೇಕಾಗುತ್ತೆ.

ಇನ್ನೊಂದು ಮಾತು. ವಿದ್ಯಾರ್ಥಿವೇತನ ಜೂನ್ ಫೀಸಿಗೆ ಒದಗುವುದಿಲ್ಲ. ವರ್ಷದ ಕೊನೆಗೆ, ಕೆಲವು ಸಲ ಅದಕ್ಕೂ ಆಮೇಲೆ ಬರುತ್ತೆ. ಹಾಗಾಗಿ ಮೊದಲ ವರ್ಷದ ಫೀಸಿಗೆ ಅದನ್ನು ನಂಬಬೇಡಿ. ಬಂದ ದಿನ ಅದು ಮುಂದಿನ ವರ್ಷದ ಫೀಸು ಅಂತ ಹೆಸರು ಬರೆದು ಹಾಗೇ ಬಿಡಿ. ಹೀಗೆ ಒಂದು ವರ್ಷ ದಾಟಿದರೆ ಸಾಲದ ಸರಪಳಿ ಅಲ್ಲಿಗೆ ತುಂಡಾಗುತ್ತೆ.

ಸಾಲ ಮಾಡಲೇಬೇಕಾದರೆ

ಸಣ್ಣ ಮೊತ್ತಕ್ಕೆ ಸಂಘ. ನರ್ಸಿಂಗ್, ಇಂಜಿನಿಯರಿಂಗ್‌ನಂಥ ದೊಡ್ಡ ಓದಿಗೆ ಬ್ಯಾಂಕಿನ ಶಿಕ್ಷಣ ಸಾಲ. ನಾಲ್ಕು ಲಕ್ಷದವರೆಗೆ ಜಮೀನು, ಒಡವೆ ಏನೂ ಅಡ ಕೇಳುವಂತಿಲ್ಲ. ತಾಯಿ ಅಥವಾ ತಂದೆ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು. ಕಂತು ಶುರುವಾಗೋದು ಓದು ಮುಗಿದು ಒಂದು ವರ್ಷಕ್ಕೆ. ಆದರೆ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತೆ, ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ. ವರ್ಷಕ್ಕೆ 75,000ದಂತೆ ನಾಲ್ಕು ವರ್ಷ ಪಡೆದರೆ ಸಾಲ ಮೂರು ಲಕ್ಷ. ವರ್ಷಕ್ಕೆ ನೂರಕ್ಕೆ ಹತ್ತು ಬಡ್ಡಿ ಎಂದಿಟ್ಟುಕೊಂಡರೆ ಮೊದಲ ವರ್ಷ 7,500, ಆಮೇಲೆ 15,000, 22,500, 30,000, ಬಿಡುವಿನ ವರ್ಷಕ್ಕೆ ಮತ್ತೆ 30,000. ಮೊದಲ ಕಂತಿನ ದಿನಕ್ಕೆ ಬಡ್ಡಿಯೇ 1,05,000 ಆಗಿರುತ್ತೆ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ಈ ಭಾರ ಉಳಿಯೋದಿಲ್ಲ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಆಗಿದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಎಲ್ಲ ಕಾಲೇಜಿಗೂ ಅದು ಅನ್ವಯಿಸೋದಿಲ್ಲ, ಸೇರಿಸುವ ಮುಂಚೆಯೇ ಬ್ಯಾಂಕಿನಲ್ಲಿ ಕಾಲೇಜಿನ ಹೆಸರು ಹೇಳಿ ಕೇಳಿ. ಸಿಇಟಿಯಲ್ಲಿ ಸೀಟು ಸಿಕ್ಕವರಿಗೆ ನಮ್ಮ ಹುಣಸೂರಿನವರೇ ಆದ ದೇವರಾಜ ಅರಸರ ಹೆಸರಿನ ನಿಗಮದಲ್ಲಿ 'ಅರಿವು' ಸಾಲ ಇದೆ, ಬಡ್ಡಿ ವರ್ಷಕ್ಕೆ ನೂರಕ್ಕೆ ಎರಡು. ಸಂಘದಲ್ಲಿ ತಿಂಗಳಿಗೆ ಎರಡು, ಅಲ್ಲಿ ವರ್ಷಕ್ಕೆ ಎರಡು!

ಮೈಕ್ರೋಫೈನಾನ್ಸ್ ಸಾಲವನ್ನು ಹಸುವಿನ ಹೆಸರಲ್ಲೋ ಟೈಲರಿಂಗ್ ಹೆಸರಲ್ಲೋ ಎತ್ತಿ ಫೀಸು ಕಟ್ಟುವುದು ಬೇಡ. ಕಂತು ಮುಂದಿನ ವಾರವೇ ಶುರು. ಓದು ವಾರವಾರ ದುಡ್ಡು ತರೋದಿಲ್ಲ. ವಸೂಲಿಯಲ್ಲಿ ಕಿರುಕುಳ ಕೊಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿದೆ, ಸರಿ. ಆದರೆ ಸಾಲ ಸಾಲವೇ.

ಮಗಳ ಕೈಗೂ ಲೆಕ್ಕದ ಪುಸ್ತಕ

ನಾವು ಸಂಘದಲ್ಲಿ ಒಂದೊಂದು ರೂಪಾಯಿ ಬರೆಯುತ್ತೇವೆ, ಮಕ್ಕಳಿಗೆ ಮಾತ್ರ ಬರೆಯೋದು ಕಲಿಸೋದಿಲ್ಲ. ಕಾಲೇಜಿಗೆ ಸೇರಿದ ದಿನವೇ ಒಂದು ಚಿಕ್ಕ ಪುಸ್ತಕ ಕೊಡಿ. ತಿಂಗಳ ದುಡ್ಡನ್ನು ಒಟ್ಟಿಗೆ ಕೊಟ್ಟು "ಇದರಲ್ಲಿ ತಿಂಗಳು ನಡೆಸು" ಅನ್ನಿ. ದಿನಾ ಹತ್ತಿಪ್ಪತ್ತು ಕೊಡುತ್ತಾ ಹೋದರೆ ಅವರಿಗೆ ಕೇಳೋದು ಅಭ್ಯಾಸವಾಗುತ್ತೆ, ನಡೆಸೋದು ಬರೋಲ್ಲ. ಮೊದಲ ತಿಂಗಳು ಇಪ್ಪತ್ತನೇ ತಾರೀಖಿಗೇ ಖಾಲಿಯಾಗುತ್ತೆ. ಆಗಲಿ, ಬಯ್ಯಬೇಡಿ, ಪುಸ್ತಕ ತೆಗೆಸಿ ಎಲ್ಲಿ ಹೋಯಿತು ಅಂತ ಅವರಿಂದಲೇ ಓದಿಸಿ. ಫೋನ್‌ನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟದ್ದು ಕೊಟ್ಟ ಹಾಗೇ ಅನ್ನಿಸೋದಿಲ್ಲ, ಅದನ್ನೂ ಬರೆಯಲಿ.

ಫೋನ್‌ನಲ್ಲೇ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ವಿಷಯ ಮಕ್ಕಳ ಹತ್ತಿರ ಬಾಯಿಬಿಟ್ಟು ಮಾತಾಡಿ. ಫೋನಿನಲ್ಲಿರುವ ಫೋಟೋ, ನಂಬರುಗಳನ್ನು ಎಳೆದುಕೊಂಡು ಮರ್ಯಾದೆ ತೆಗೀತೀವಿ ಅಂತ ಹೆದರಿಸುವವರಿದ್ದಾರೆ. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕಾನೂನು ತಂದು ನಿಷೇಧಿಸಿದೆ. "ಏನೇ ಆದರೂ ಮೊದಲು ಅವ್ವನಿಗೆ ಹೇಳು" ಅನ್ನುವ ಧೈರ್ಯ ಮಕ್ಕಳಿಗೆ ಮನೆಯಲ್ಲಿ ಸಿಗಬೇಕು.

ಲೆಕ್ಕ ಬರೆಯುವಾಗ ನಾವು ಕಾಣುವ ಇನ್ನೊಂದು ವಿಷಯ ಹೇಳದೆ ಇರಲಾರೆವು. ಮಗನ ಹಾಳೆಯಲ್ಲಿ ಬೈಕಿನ ಪೆಟ್ರೋಲಿಗೂ ಜಾಗ ಇರುತ್ತೆ. ಮಗಳ ಹಾಳೆಗೆ ಬಂದಾಗ, "ಇವಳ ಮದುವೆಗೆ ಎತ್ತಿಡಬೇಕಲ್ಲ ಸಿಸ್ಟರ್" ಅನ್ನುತ್ತಾರೆ. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿ.

ಈ ತಿಂಗಳ ಸಭೆಯಲ್ಲಿ ಮಾತಾಡಿ

ನಮ್ಮ ಸಂಘದಲ್ಲಿ ಈ ವರ್ಷ ಯಾರ ಮನೆಯ ಮಕ್ಕಳು ಪಿಯುಸಿ ಮುಗಿಸುತ್ತಾರೆ? ಅವರ ಪೂರ್ತಿ ಕೋರ್ಸಿನ ಲೆಕ್ಕ ಬರೆದಾಗಿದೆಯೇ?

ಫೀಸಿನ ಸಾಲ ಕೇಳಿದವರಿಗೆ ಎರಡನೇ ವರ್ಷದ ದಾರಿ ಏನು ಎಂದು ಸಂಘ ಕೇಳುತ್ತದೆಯೇ?

ಯಾವ ಮಗಳ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ? ಅವಳ ಜೊತೆ ಬ್ಯಾಂಕಿಗೆ ಹೋಗಿಬರಲು ಈ ವಾರ ಯಾರು ಸಿದ್ಧ?