ಹಾಯಿ ಇರುವ ಪ್ರಾಣಿ

ಮಳೆಗಾಲ. ಕಡಲಿನಿಂದ ಜೋರು ಗಾಳಿ. ಮರಳಿನ ಮೇಲೆ ನೀಲಿ ಬಣ್ಣದ ಪುಟ್ಟ ಬಲೂನುಗಳು ಬಿದ್ದಿವೆ. ಮೊಮ್ಮಗಳು ಓಡಿ ಹೋಗಿ ಕೈ ಚಾಚಿದಳು.

"ಮುಟ್ಬೇಡ ಮಗಾ!" ಅಜ್ಜಿ ಕೂಗಿದಳು.

"ಎಂತ ಅಜ್ಜಿ ಅದು?"

"ಅದು ಬಲೂನಲ್ಲ, ಕಡಲಿನ ಪ್ರಾಣಿ. ಸತ್ತು ಬಿದ್ದಿದ್ರೂ ಚುಚ್ತದೆ."

ಅಜ್ಜಿ ಹೇಳಿದ್ದು ನಿಜ. ಇದರ ಹೆಸರು ಬ್ಲೂ ಬಾಟಲ್. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಗಾಳಿ ಇದನ್ನು ದಡಕ್ಕೆ ತರುತ್ತದೆ.

ಇದಕ್ಕೆ ಈಜಲು ಬರುವುದಿಲ್ಲ. ಮತ್ತೆ ಅಷ್ಟು ದೂರ ಹೇಗೆ ಬರುತ್ತದೆ? ಇದರ ಮೈಯಲ್ಲಿ ಅನಿಲ ತುಂಬಿದ ಚೀಲ ಇದೆ. ಚೀಲ ನೀರಿನ ಮೇಲೆ ತೇಲುತ್ತದೆ. ಚೀಲದ ಮೇಲೆ ಕೋಳಿಯ ಜುಟ್ಟಿನಂತಹ ಭಾಗ ಇದೆ. ಅದೇ ಹಾಯಿ! ಗಾಳಿ ತಳ್ಳಿದರೆ ಹಾಯಿದೋಣಿಯ ಹಾಗೆ ಸಾಗುತ್ತದೆ. ದೋಣಿಗಾದರೆ ಚುಕ್ಕಾಣಿ ಇರುತ್ತದೆ. ಪಾಪ, ಇದಕ್ಕೆ ಅದೂ ಇಲ್ಲ.

ಇನ್ನೊಂದು ಸೋಜಿಗ ಕೇಳಿ. ಕೆಲವಕ್ಕೆ ಹಾಯಿ ಎಡಕ್ಕೆ ಓರೆ, ಕೆಲವಕ್ಕೆ ಬಲಕ್ಕೆ ಓರೆ. ಒಂದೇ ಗಾಳಿಗೆ ಕೆಲವು ಈ ಕಡೆ, ಕೆಲವು ಆ ಕಡೆ ಹೋಗುತ್ತವೆ. ಹೀಗಾಗಿ ಎಲ್ಲವೂ ಒಟ್ಟಿಗೆ ದಡಕ್ಕೆ ಬಿದ್ದು ಸಾಯುವುದು ತಪ್ಪುತ್ತದೆ ಎನ್ನುತ್ತಾರೆ ತಿಳಿದವರು.

ಚೀಲದ ಕೆಳಗೆ ದಾರದಂತಹ ಎಳೆಗಳಿವೆ. 10 ಮೀಟರ್ ಉದ್ದದ ಎಳೆಗಳೂ ಇರುತ್ತವೆ. ಅದರಲ್ಲಿ ವಿಷ. ಮೈಗೆ ತಾಗಿದರೆ ಬೆಂಕಿ ತಾಗಿದ ಹಾಗೆ ಉರಿ. ತಾಗಿದ ಜಾಗ ಉಜ್ಜಬೇಡಿ, ಮರಳು ತಿಕ್ಕಬೇಡಿ. ಎಳೆಯನ್ನು ಕಡ್ಡಿಯಿಂದ ತೆಗೆಯಿರಿ, ಬರಿಗೈ ಬೇಡ. ಆಮೇಲೆ ತಾಳುವಷ್ಟು ಬಿಸಿ ನೀರಿನಲ್ಲಿ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

"ಅಜ್ಜೀ, ಅಲೆಯಿಂದ ದಾರಿ ಕಂಡುಕೊಳ್ಳೋ ಪ್ರಾಣಿ ಇದ್ಯಾ?"

"ಇದೆ. ಆಮೆ ಮರಿ."

ಹೊನ್ನಾವರದ ಕಡೆ ಕಡಲಾಮೆಗಳು ಚಳಿಗಾಲದಲ್ಲಿ ಮರಳು ತೋಡಿ ಮೊಟ್ಟೆ ಇಡುತ್ತವೆ. ಒಂದು ಗುಂಡಿಯಲ್ಲಿ ಸುಮಾರು 100 ಮೊಟ್ಟೆ. ಒಂದೂವರೆ, ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಹೆಚ್ಚಾಗಿ ರಾತ್ರಿ ಹೊತ್ತು. ದಾರಿ ತೋರಿಸಲು ತಾಯಿ ಇಲ್ಲ. ಕಡಲಿನ ಕಡೆ ಆಕಾಶ ತುಸು ಬೆಳಗಿರುತ್ತದೆ. ಅದನ್ನು ನೋಡಿ ತೆವಳುತ್ತವೆ. ನೀರಿಗೆ ಇಳಿದ ಮೇಲೆ ಅಲೆಗೆ ಎದುರಾಗಿ ಈಜುತ್ತವೆ. ಅಲೆ ಬರುವುದು ಆಳ ಕಡಲಿನಿಂದ ತಾನೆ? ಅದರ ಎದುರು ಹೋದರೆ ಆಳ ಕಡಲೇ ಸಿಗುತ್ತದೆ. ಕತ್ತಲೆಯಲ್ಲೂ ಅಲೆಯ ಕುಲುಕಾಟದಿಂದ ದಿಕ್ಕು ತಿಳಿಯುತ್ತದೆ.

ಆದರೆ ದಡದಲ್ಲಿ ಮನೆಯ ದೀಪ ಉರಿಯುತ್ತಿದ್ದರೆ? ಮರಿಗಳು ಅದನ್ನೇ ಕಡಲು ಎಂದುಕೊಳ್ಳುತ್ತವೆ.

"ಹೋದ ವರ್ಷ ಆರು ಮರಿ ನಮ್ಮ ಅಂಗಳಕ್ಕೇ ಬಂದಿದ್ವು," ಎಂದಳು ಅಜ್ಜಿ. "ಫಾರೆಸ್ಟಿನವರನ್ನ ಕರೆಸಿ ನೀರಿಗೆ ಬಿಡಿಸ್ದೆ. ಈಗ ಮರಿ ಬರೋ ಕಾಲದಲ್ಲಿ ಹೊರಗಿನ ದೀಪ ಹಾಕೋದಿಲ್ಲ."