ಮನೆಗೆ ಎಷ್ಟು ಸ್ಟಾರ್?

ಈ ಮೇ ತಿಂಗಳಲ್ಲಿ ಅಂಕೋಲಾದ ನಮ್ಮ ಚಿಕ್ಕಪ್ಪನ ಮನೆ ನೋಡೋಕೆ ಕಾರವಾರದಿಂದ ಒಂದು ಪಾರ್ಟಿ ಬಂದಿತ್ತು. ಬಾವಿ ಬತ್ತುತ್ತದೆಯೇ, ಸ್ಲ್ಯಾಬ್ ಸೋರುತ್ತದೆಯೇ, ಇ-ಖಾತಾ ಆಗಿದೆಯೇ ಎಂದೆಲ್ಲ ಕೇಳಿದರು. ಮೇಲಿನ ಕೋಣೆಯಲ್ಲಿ ಬೆವರು ಒರೆಸಿಕೊಂಡರೇ ಹೊರತು ಕರೆಂಟ್ ಬಿಲ್ ಎಷ್ಟು ಅಂತ ಕೇಳಲಿಲ್ಲ. ಚಿಕ್ಕಪ್ಪನೂ ಹೇಳಲಿಲ್ಲ ಬಿಡಿ.

ಫ್ರಿಜ್ ಕೊಳ್ಳುವಾಗ ಸ್ಟಾರ್ ಎಣಿಸುವ ನಾವು ಮನೆ ಕೊಳ್ಳುವಾಗ ಎಣಿಸುವುದಿಲ್ಲ. ಬ್ರಿಟನ್ನಿನಲ್ಲಿ ಮನೆ ಮಾರಲು ‘ಎ’ಯಿಂದ ‘ಜಿ’ವರೆಗಿನ ಇಂಧನ ದರ್ಜೆಯ ಪ್ರಮಾಣಪತ್ರ ಬೇಕು. ನಮ್ಮಲ್ಲಿ ಇಂಧನ ದಕ್ಷತಾ ಬ್ಯೂರೋ ವಸತಿ ಕಟ್ಟಡಗಳಿಗೂ ಸ್ಟಾರ್ ಲೇಬಲ್ ತಂದಿತು. ಆದರೆ ಅದು ಐಚ್ಛಿಕ. ನೋಂದಣಿ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ.

ಹಾಗಾದರೆ ಹೆಸ್ಕಾಂ ಬಿಲ್ ಸಾಕಲ್ಲ? ವರ್ಷದ ಯೂನಿಟ್‌ಗಳನ್ನು ಮನೆಯ ಚದರ ಮೀಟರಿನಿಂದ ಭಾಗಿಸಿದರೆ ಒಂದು ಅಂಕಿ ಸಿಗುತ್ತದೆ. ಮೋಸ ಇರೋದು ಇಲ್ಲೇ. ಮಾಲೀಕರು ಮುಂಬೈಯಲ್ಲಿದ್ದು ಮನೆಗೆ ಬೀಗ ಬಿದ್ದಿದ್ದರೆ ಅದಕ್ಕೂ ಐದು ಸ್ಟಾರ್ ಬಂದಂತೆ! ಬಿಲ್ ಹೇಳುವುದು ಮನೆಯಲ್ಲಿರುವವರ ಅಭ್ಯಾಸವನ್ನು. ನಮಗೆ ಬೇಕಾದದ್ದು ಗೋಡೆ, ಮಾಡು, ಕಿಟಕಿಗಳ ಗುಣ.

ಅದಕ್ಕೆ 2018ರ ‘ಇಕೋ ನಿವಾಸ್ ಸಂಹಿತಾ’ ಇದೆ. ಹೊಸ ಕಟ್ಟಡಗಳಿಗೆಂದು ಬರೆದದ್ದು, ಆದರೂ ಅಳತೆಗೋಲಾಗಿ ಬಳಸಬಹುದು. ಮಾಡಿನ ಯು-ಮೌಲ್ಯ 1.2 ಮೀರಬಾರದು ಅನ್ನುತ್ತದೆ ಅದು. ಯು ಅಂದರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ 1 ಚದರ ಮೀಟರ್ ಮೂಲಕ ಹರಿಯುವ ಶಾಖ, ವ್ಯಾಟ್‌ನಲ್ಲಿ. ಚಿಕ್ಕಪ್ಪನ ಸ್ಲ್ಯಾಬ್ ದಪ್ಪ 0.12 ಮೀಟರ್. ಕಾಂಕ್ರೀಟಿನ ಶಾಖವಾಹಕತೆ 1.58 ಎಂದಿಟ್ಟುಕೊಂಡು ಭಾಗಿಸಿದರೆ ಶಾಖರೋಧ 0.076. ಎರಡೂ ಬದಿಯ ಗಾಳಿಪದರದ್ದು 0.21 ಸೇರಿಸಿ: 0.286. ಒಂದನ್ನು ಅದರಿಂದ ಭಾಗಿಸಿ, ಯು ಸಿಕ್ಕಿತು: 3.5. ಮಿತಿಯ ಹೆಚ್ಚೂಕಡಿಮೆ ಮೂರು ಪಟ್ಟು!

ಕಿಟಕಿ ಲೆಕ್ಕ ಇನ್ನೂ ಬೇಜಾರು. ಕರಾವಳಿಯಂಥ ಬಿಸಿ-ತೇವದ ಹವೆಗೆ ತೆರೆಯಬಲ್ಲ ಜಾಗ ನೆಲದ ವಿಸ್ತೀರ್ಣದ ಕನಿಷ್ಠ ಶೇ. 16.66 ಇರಬೇಕು. 90 ಚದರ ಮೀಟರ್ ಮನೆಗೆ 15. ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುವುದರಿಂದ ಅರ್ಧವೇ ಲೆಕ್ಕಕ್ಕೆ ಸಿಗುತ್ತದೆ. ಪೂರ್ತಿ ತೆರೆಯುತ್ತಿದ್ದ ಮರದ ಕಿಟಕಿಗಳನ್ನು ಕಿತ್ತು ಚಿಕ್ಕಪ್ಪ ಸ್ಲೈಡಿಂಗ್ ಹಾಕಿಸಿದ್ದೇ ಮನೆಗೆ ರೇಟ್ ಬರಲಿ ಅಂತ.

ಲೆಕ್ಕದ ಹಾಳೆ ತೋರಿಸಿದೆ. "ತಮಾ, ಇದನ್ನ ಅವ್ರಿಗೆ ತೋರ್ಸ್ಬೇಡ" ಅಂದರು. ಮರುವಾರ ಹೋದರೆ ಟೆರೇಸಿಗೆಲ್ಲ ಬಿಳಿ ಸುಣ್ಣ. ಯು ಬದಲಾಗದಿದ್ದರೂ ಬಿಸಿಲು ಪ್ರತಿಫಲಿಸಿ ಸ್ಲ್ಯಾಬ್ ಕಾಯುವುದು ಕಡಿಮೆಯಾಗುತ್ತದೆ. ಮೊದಲ ಮಳೆವರೆಗೆ ನಿಂತರೆ ಸಾಕು, ಅಷ್ಟರಲ್ಲಿ ವ್ಯಾಪಾರ ಮುಗಿಯುತ್ತದೆ ಅನ್ನೋದು ಅವರ ಲೆಕ್ಕ.