ಬೆಟ್ಟ, ಬಾಣೆ, ಶ್ರೀಗಂಧ: ಭೂಹಕ್ಕಿನ ಕನ್ನಡ ಪದಗಳು ಮತ್ತು ಪರಿಸರ ಸಂರಕ್ಷಣೆಯ ಆಸ್ತಿ ಸಿದ್ಧಾಂತ

ಪರಿಸರದ ನಾಶಕ್ಕೆ ಒಡೆತನದ ಅಸ್ಪಷ್ಟತೆಯೇ ಮೂಲಕಾರಣ ಎಂಬ ವಾದವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ಥಶಾಸ್ತ್ರದಿಂದ ಹೊರಟು ಕಾನೂನು, ಸಮಾಜಶಾಸ್ತ್ರ, ಆಡಳಿತ ಈ ಎಲ್ಲ ಕ್ಷೇತ್ರಗಳನ್ನೂ ವ್ಯಾಪಿಸಿತು. ಹಕ್ಕುಗಳು ನಿಚ್ಚಳವಾಗಿದ್ದು ವ್ಯವಹಾರದ ವೆಚ್ಚವಿಲ್ಲದಿದ್ದರೆ ಮಾಲಿನ್ಯದಂಥ ಹಾನಿಗಳನ್ನೂ ಸಂಬಂಧಪಟ್ಟವರು ಚೌಕಾಶಿಯ ಮೂಲಕವೇ ಪರಿಹರಿಸಿಕೊಳ್ಳಬಲ್ಲರೆಂದು ರೊನಾಲ್ಡ್ ಕೋಸ್ 1960ರಲ್ಲಿ ತೋರಿಸಿದನು. ಸಂಪನ್ಮೂಲದ ಬೆಲೆ ಏರಿದಂತೆ ಖಾಸಗಿ ಒಡೆತನ ತಾನಾಗಿ ರೂಪುಗೊಳ್ಳುತ್ತದೆಯೆಂದು ಹೆರಾಲ್ಡ್ ಡೆಮ್‌ಸೆಟ್ಜ್ 1967ರಲ್ಲಿ ವಾದಿಸಿದನು. ಮರುವರ್ಷ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ತೆರೆದ ಹುಲ್ಲುಗಾವಲು ಯಾರದೂ ಅಲ್ಲದೆ ಹಾಳಾಗುವುದು ಅನಿವಾರ್ಯವೆಂದನು. ಹಾರ್ಡಿನ್ ಚಿತ್ರಿಸಿದ್ದು ನಿಯಮವೇ ಇಲ್ಲದ ಬಯಲನ್ನೇ ಹೊರತು ಊರೊಂದು ಕಟ್ಟುಪಾಡಿನಲ್ಲಿ ಇರಿಸಿಕೊಂಡ ಗೋಮಾಳವನ್ನಲ್ಲ. ಇದನ್ನು ಅವನೇ ಮುಂದೆ ಒಪ್ಪಿಕೊಂಡನು. ಎಲಿನಾರ್ ಆಸ್ಟ್ರಮ್ 1990ರ ತನ್ನ ಗ್ರಂಥದಲ್ಲಿ ಈ ವ್ಯತ್ಯಾಸವನ್ನೇ ಸಾಧಾರವಾಗಿ ಸ್ಥಾಪಿಸಿದಳು. 2009ರಲ್ಲಿ ಆಕೆಗೆ ನೊಬೆಲ್ ಗೌರವವೂ ಸಂದಿತು.

ಈ ಚರ್ಚೆಯಲ್ಲಿ ಕನ್ನಡ ಅಧ್ಯಯನಕ್ಕೆ ನೇರವಾಗಿ ಒದಗುವ ಅಂಶವೆಂದರೆ ಶ್ಲೇಗರ್ ಮತ್ತು ಆಸ್ಟ್ರಮ್ 1992ರಲ್ಲಿ ಮಂಡಿಸಿದ ಹಕ್ಕುಗಳ ವಿಂಗಡಣೆ. ಆಸ್ತಿಯೆಂಬುದು ಒಂದು ಹಕ್ಕಲ್ಲ, ಹಲವು ಹಕ್ಕುಗಳ ಕಟ್ಟು. ಒಳಗೆ ಹೋಗುವುದು, ಫಲವನ್ನು ಪಡೆಯುವುದು, ನಿರ್ವಹಿಸುವುದು, ಇತರರನ್ನು ಹೊರಗಿಡುವುದು, ಪರಭಾರೆ ಮಾಡುವುದು ಎಂಬ ಈ ಐದೂ ಬೇರೆ ಬೇರೆ ಕೈಗಳಲ್ಲಿ ಇರಬಹುದು. ಶಾಸನಗಳನ್ನು ಓದಿದವರಿಗೆ ಇದು ತೀರ ಹೊಸ ಮಾತಾಗಿ ಕಾಣದು. ವಿಜಯನಗರ ಕಾಲದ ದಾನಶಾಸನಗಳು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷಿಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಹೆಸರಿಸಿಯೇ ಭೂಮಿಯನ್ನು ಒಪ್ಪಿಸುತ್ತವೆ. ನೀರು, ಕಲ್ಲು, ಮುಂದೆ ಬರಬಹುದಾದ ಫಲ ಇವೆಲ್ಲ ನೆಲದೊಡನೆ ತಾವಾಗಿಯೇ ಬರುವುದಿಲ್ಲ, ಎಣಿಸಿ ಕೊಡಬೇಕಾದವು ಎಂಬ ತಿಳುವಳಿಕೆ ಈ ಸೂತ್ರದಲ್ಲಿದೆ. ಉಣ್ಣು ಧಾತುವಿನಿಂದ ಬಂದ ‘ಉಂಬಳಿ’ ಎಂಬ ಪದವೂ ಒಡೆತನಕ್ಕಿಂತ ಉಣ್ಣುವಿಕೆಯನ್ನೇ ಮುಂದುಮಾಡುತ್ತದೆ. ಅಷ್ಟಭೋಗವು ದಾನ ಪಡೆದವರ ಹಕ್ಕೇ ಹೊರತು ಊರ ಸಾಮಾನ್ಯರದ್ದಲ್ಲವಾದ್ದರಿಂದ, ಅದನ್ನು ಸಾಮುದಾಯಿಕ ಒಡೆತನದ ಸಾಕ್ಷ್ಯವಾಗಿ ಬಳಸಿಕೊಳ್ಳುವುದು ಮಾತ್ರ ಅವಸರದ ತೀರ್ಮಾನವಾಗುತ್ತದೆ.

ಆಧುನಿಕ ಕಾಲದಲ್ಲಿ ಇಂಥ ಪದಗಳ ಸಂಗ್ರಹವೊಂದು ಅನಿರೀಕ್ಷಿತ ಸ್ಥಳದಲ್ಲಿ, ಅಂದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ ದೊರೆಯುತ್ತದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆಯ ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದು ಸೀಮೆಯ ಮೋಟಸ್ಥಲ ಇವುಗಳಲ್ಲಿ ರೂಢಿಯಿಂದ ಅಥವಾ ಆಜ್ಞೆಯಿಂದ ನಡೆದುಬಂದ ಸವಲತ್ತುಗಳು ಮುಂದುವರಿಯತಕ್ಕದ್ದೆಂದು ಅದು ಹೇಳುತ್ತದೆ. ಏಕೀಕರಣದಿಂದ ಒಂದುಗೂಡಿದ ಬೇರೆ ಬೇರೆ ಆಡಳಿತ ಪ್ರದೇಶಗಳ ಭೂನೆನಪು ಇಲ್ಲಿ ಒಂದೇ ವಾಕ್ಯದಲ್ಲಿ ಸೇರಿದೆ. ಕಾಯಿದೆಯು ಈ ಪದಗಳನ್ನು ಭಾಷಾಂತರಿಸದೆ ಹಾಗೆಯೇ ಉಳಿಸಿಕೊಂಡಿರುವುದು ಗಮನಾರ್ಹ. ಆದರೆ ಅದು ಬಳಸುವುದು ‘ಹಕ್ಕು’ ಎಂಬ ಪದವನ್ನಲ್ಲ, ‘ಸವಲತ್ತು’ ಎಂಬ ಅರ್ಥದ ಪದವನ್ನು. ಈ ಭೇದಕ್ಕೆ ವಸಾಹತು ಕಾಲದ ಹಿನ್ನೆಲೆಯಿದೆ. ಸರ್ಕಾರ ಸ್ಪಷ್ಟವಾಗಿ ಕೊಡದ ಬಳಕೆಯು ಎಷ್ಟೇ ಹಳೆಯದಾದರೂ ಹಕ್ಕಾಗದೆಂದು ಬೇಡನ್-ಪೊವೆಲ್ 1870ರ ದಶಕದಲ್ಲಿ ವಾದಿಸಿದನು. ಮದರಾಸು ಸರ್ಕಾರ ಅದನ್ನು ವಿರೋಧಿಸಿತು. 1878ರ ಅರಣ್ಯ ಕಾಯಿದೆಯಲ್ಲಿ ಗೆದ್ದದ್ದು ಮೊದಲಿನ ವಾದದ ಧಾಟಿಯೇ. ಸವಲತ್ತನ್ನು ಹಿಂಪಡೆಯಬಹುದು, ಹಕ್ಕನ್ನು ಹಾಗೆ ಹಿಂಪಡೆಯಲಾಗದು.

ಸೊಪ್ಪಿನಬೆಟ್ಟವನ್ನು ಐದು ಹಕ್ಕುಗಳ ಚೌಕಟ್ಟಿನಲ್ಲಿಟ್ಟು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬ್ರಿಟಿಷ್ ಆಡಳಿತ ಗೊತ್ತುಪಡಿಸಿತ್ತು. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಅಲ್ಲಿ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಆದ್ದರಿಂದ ತೋಟದ ಇಳುವರಿ ಬೆಟ್ಟದ ಮರಗಳ ಮೇಲೆ ನಿಂತಿದೆ. ತೋಟಗಾರನಿಗೆ ಪ್ರವೇಶವಿದೆ, ಸೊಪ್ಪು ಪಡೆಯುವ ಅವಕಾಶವಿದೆ, ಬೇರೆಯವರನ್ನು ತಡೆಯುವ ಬಲವೂ ಒಂದಿಷ್ಟು ಇದೆ. ಆದರೆ ಮರ ಸರ್ಕಾರದ್ದು, ನೆಲವೂ ಸರ್ಕಾರದ್ದು. ಬೆಟ್ಟವನ್ನು ತೋಟದಿಂದ ಬೇರ್ಪಡಿಸಿ ಮಾರಲು ಬಾರದು. ಇಂಥ ಅರೆಹಕ್ಕು ಕಾಡನ್ನು ಉಳಿಸಿತೆ? ಉತ್ತರ ಒಂದೇ ಬಗೆಯದಲ್ಲ. ಹದವರಿತು ಸೊಪ್ಪು ಕಡಿದ ಬೆಟ್ಟಗಳು ಹಸಿರಾಗಿಯೇ ಉಳಿದಿವೆ. ವರ್ಷವರ್ಷವೂ ಬೋಳಿಸಿದ ಬೆಟ್ಟಗಳಲ್ಲಿ ಹಳೆಯ ಮರಗಳು ಬರಿಯ ಬೊಡ್ಡೆಗಳಾಗಿ ನಿಂತು, ಹೊಸ ಸಸಿಗಳು ಏಳದೆ ಹೋಗಿವೆ. ಸೊಪ್ಪು ತನ್ನದು, ಮರ ತನ್ನದಲ್ಲ ಎಂಬ ವ್ಯವಸ್ಥೆಯಲ್ಲಿ ಸೊಪ್ಪನ್ನು ಕೊಯ್ಯಲು ಪ್ರೇರಣೆಯುಂಟು, ಸಸಿ ನೆಡಲು ಇಲ್ಲ. ಇಷ್ಟರಮಟ್ಟಿಗೆ ಆಸ್ತಿ ಸಿದ್ಧಾಂತದ ಮಾತು ನಿಜವೆಂದೇ ಹೇಳಬೇಕು.

ಕೊಡಗಿನ ಬಾಣೆ ಇದೇ ಮಾತನ್ನು ಮತ್ತೊಂದು ದಿಕ್ಕಿನಿಂದ ಸಮರ್ಥಿಸುತ್ತದೆ. ಗದ್ದೆಯ ಆಸರೆಗೆಂದು ಕೊಟ್ಟ ಬಾಣೆಯಲ್ಲಿ ಮುಂದೆ ಕಾಫಿ ಬೆಳೆಯಿತು. ಮರದ ಬೆಲೆಯನ್ನು ಸರ್ಕಾರಕ್ಕೆ ತೆತ್ತು ಬಿಡಿಸಿಕೊಳ್ಳದ ಬಾಣೆಯಲ್ಲಿ ಬೀಟೆ, ನಂದಿ, ಮತ್ತಿಯಂಥ ನಾಡಮರಗಳು ಬೆಳೆಗಾರನ ಸ್ವತ್ತಾಗಲಿಲ್ಲ. ಆಸ್ಟ್ರೇಲಿಯದಿಂದ ಬಂದ ಸಿಲ್ವರ್ ಓಕ್ ಮರವನ್ನಾದರೋ ಕಡಿದು ಮಾರಲು ತೊಡಕಿರಲಿಲ್ಲ. ನಾಡಮರದ ನೆರಳಿದ್ದ ತೋಟಗಳಲ್ಲಿ ಸಿಲ್ವರ್ ಓಕ್ ಹಬ್ಬಿದ್ದಕ್ಕೆ ಅದರ ಬೇಗ ಬೆಳೆಯುವ ಗುಣದೊಡನೆ ಈ ಕಾನೂನಿನ ತಾರತಮ್ಯವೂ ಕಾರಣ. ಮರವನ್ನು ರಕ್ಷಿಸಲೆಂದು ಮಾಡಿದ ನಿಯಮವೇ ಆ ಮರವನ್ನು ಬೆಳೆಗಾರನಿಗೆ ಬೇಡವಾದ ವಸ್ತುವನ್ನಾಗಿಸಿತು.

ಇದರ ಪರಾಕಾಷ್ಠೆಯನ್ನು ಶ್ರೀಗಂಧದ ಚರಿತ್ರೆಯಲ್ಲಿ ಕಾಣಬಹುದು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜಮರವೆಂದು ಸಾರಿದನೆಂಬುದು ಪ್ರಸಿದ್ಧ. ಬಳಿಕ ಬಂದ ಮೈಸೂರು ಸರ್ಕಾರವೂ ಆ ಏಕಸ್ವಾಮ್ಯವನ್ನು ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ರಫ್ತು ನಿಂತಾಗ ಸಂಸ್ಥಾನವು ತಾನೇ ಗಂಧದೆಣ್ಣೆಯ ಕಾರ್ಖಾನೆಯನ್ನು ತೆರೆಯಿತು. ರೈತನ ಹೊಲದ ಬದುವಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಗಂಧವೂ ಸರ್ಕಾರದ್ದೇ. ಮರ ಕಳುವಾದರೆ ವಿಚಾರಣೆ ಎದುರಿಸಬೇಕಾದವನು ಮಾತ್ರ ರೈತ. ಮಾರಾಟದಲ್ಲಿ ಒಂದು ಪಾಲು ಅವನಿಗೆ ಸಲ್ಲುವ ಏರ್ಪಾಡಿದ್ದರೂ, ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತೆಸೆಯುವುದು ಕ್ಷೇಮವೆಂಬ ಭಾವನೆ ಹಳ್ಳಿಗಳಲ್ಲಿ ಬೇರೂರಿತು. ಕೊನೆಗೆ 2001ರ ತಿದ್ದುಪಡಿಯು ಜಮೀನಿನಲ್ಲಿ ಬೆಳೆದ ಗಂಧದ ಮರಕ್ಕೆ ಜಮೀನುದಾರನೇ ಹಕ್ಕುದಾರನೆಂದು ಘೋಷಿಸಿತು. ಅಷ್ಟರಲ್ಲಿ ಕಾಡಿನ ಗಂಧ ಬಹುಪಾಲು ಕಳ್ಳಸಾಗಣೆಗೆ ತುತ್ತಾಗಿ, 1998ರಲ್ಲಿಯೇ ಈ ಪ್ರಭೇದವು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾದುದೆಂದು ದಾಖಲಾಗಿತ್ತು. ತಿದ್ದುಪಡಿಯ ನಂತರವೂ ಕಡಿತಲೆ, ಸಾಗಣೆ, ಮಾರಾಟಗಳ ಮೇಲಿನ ನಿಯಂತ್ರಣ ಬಹುಕಾಲ ಮುಂದುವರಿಯಿತು. ಒಡೆತನ ಬಂದರೂ ಪರಭಾರೆ ಬರಲಿಲ್ಲ; ಕಟ್ಟಿನಿಂದ ಒಂದು ಎಳೆಯನ್ನು ಕೊಟ್ಟು ಮತ್ತೊಂದನ್ನು ಉಳಿಸಿಕೊಂಡಂತಾಯಿತು. ಶ್ರೀಗಂಧದ ನಾಡೆಂಬ ಹೊಗಳಿಕೆ ಮೆರೆದ ನಾಡಿನಲ್ಲಿಯೇ ಗಂಧದ ಸಸಿ ಮನೆಯಂಗಳಕ್ಕೆ ಅಪಶಕುನವಾಗಿದ್ದುದು ಸಾಹಿತ್ಯ ವಿಮರ್ಶಕರು ಅಷ್ಟಾಗಿ ಗಮನಿಸದ ವ್ಯಂಗ್ಯ.

ಹಾಗೆಂದು ಎಲ್ಲ ನೆಲವನ್ನೂ ಒಡೆಯನೊಬ್ಬನಿಗೆ ಒಪ್ಪಿಸಿ ಮಾರುಕಟ್ಟೆಗೆ ಬಿಟ್ಟರೆ ಸಾಕೆನ್ನುವುದಕ್ಕೆ ಕರ್ನಾಟಕದ ಅನುಭವ ಎಡೆಗೊಡುವುದಿಲ್ಲ. 1984ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಭೂಮಿಯನ್ನು ನೀಲಗಿರಿ ಬೆಳೆಸಲು ಕೊಡುವ ಯೋಜನೆ ಸಿದ್ಧವಾಯಿತು. ಕಡತದಲ್ಲಿ ಅದು ಬಂಜರು. ಊರಿನ ಪಾಲಿಗೆ ಅದು ದನ ಮೇಯುವ, ಸೌದೆ ತರುವ ನೆಲ. ಡೆಮ್‌ಸೆಟ್ಜ್‌ನ ಪ್ರಕಾರ ಇಲ್ಲಿ ಹಕ್ಕು ಹೆಚ್ಚು ಬೆಲೆ ತರುವವನ ಕಡೆಗೆ ಸಾಗಿತೆನ್ನಬಹುದು. ಆದರೆ ಮೊದಲಿನ ಹಕ್ಕುದಾರರಿಂದ ಅದನ್ನು ಯಾರೂ ಕೊಂಡುಕೊಂಡಿರಲಿಲ್ಲ. ಅವರಿಗೆ ಕಾಗದದ ಹಕ್ಕೇ ಇರಲಿಲ್ಲವಾಗಿ ಚೌಕಾಶಿಯ ಪ್ರಶ್ನೆಯೇ ಏಳಲಿಲ್ಲ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದದ್ದೂ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಸಸಿ ನೆಟ್ಟ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವೂ ಈ ಸಂದರ್ಭದವು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ‘ಚೋಮನ ದುಡಿ’ಯನ್ನು (1933) ಬರೆದ ಕಾರಂತರೇ ಈ ಅರ್ಜಿಗೆ ಸಹಿ ಹಾಕಿದರೆಂಬುದನ್ನು ಬರಿಯ ಕಾಕತಾಳೀಯವೆಂದು ಬಿಡಲಾಗದು. ಸ್ವಂತ ಬೇಸಾಯಕ್ಕೆ ತುಂಡು ನೆಲ ಬೇಡಿದ ಚೋಮನಿಗೆ ಅದು ಸಿಗದಿರಲು ಕಾರಣ ನೆಲದ ಅಭಾವವಲ್ಲ, ಪಡೆಯಬಹುದಾದವರ ಪಟ್ಟಿಯಲ್ಲಿ ಅವನ ಜಾತಿ ಇಲ್ಲದಿದ್ದುದು. ಬೆಟ್ಟ, ಬಾಣೆ, ಕುಮ್ಕಿಗಳ ಸವಲತ್ತು ಕೂಡ ತೋಟ, ಗದ್ದೆ, ವರ್ಗ ಜಮೀನು ಇದ್ದವರಿಗೇ ಸಲ್ಲುತ್ತಿತ್ತು. ಆಸ್ಟ್ರಮ್‌ಳ ಸಮುದಾಯ ಎಂಬ ಪರಿಕಲ್ಪನೆಯನ್ನು ಇಲ್ಲಿಗೆ ತರುವ ಅಧ್ಯಯನಕಾರರು ಇದನ್ನು ಮರೆಯುವಂತಿಲ್ಲ.

2006ರ ಅರಣ್ಯಹಕ್ಕು ಕಾಯಿದೆಯು ಸವಲತ್ತನ್ನು ಬಿಟ್ಟು ‘ಹಕ್ಕು’ ಎಂಬ ಪದವನ್ನೇ ಬಳಸುತ್ತದೆ. ಆ ಹಕ್ಕು ವಂಶಪಾರಂಪರ್ಯವಾಗಿ ಸಾಗುತ್ತದೆ, ಪರಭಾರೆಯಾಗುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ 2011ರ ಅಕ್ಟೋಬರಿನಲ್ಲಿ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯ ಫಲವಾಗಿ ಅಲ್ಲಿ ಮಾರಾಟಕ್ಕೆಂದು ಜೇನು, ನೆಲ್ಲಿ ಸಂಗ್ರಹಿಸುವುದು ನಿಂತುಹೋಗಿತ್ತು. ಸಂಗ್ರಹಕ್ಕೆ ಬೆಲೆಯಿದ್ದ ಕಾಲದಲ್ಲಿ ಸೋಲಿಗರು ನೆಲ್ಲಿ ಮರಕ್ಕೆ ಹತ್ತುವ ಬದನಿಕೆಯನ್ನು ‘ಉಪ್ಪಿಲು’ ಎಂದು ಗುರುತಿಸಿ, ಅದನ್ನು ಹತೋಟಿಯಲ್ಲಿಡಲು ಬೇಸಿಗೆಯ ಆರಂಭದಲ್ಲಿಯೇ ಒಣ ಎಲೆಗಳಿಗೆ ಹಾಕುವ ಸಣ್ಣ ಬೆಂಕಿಯನ್ನು ‘ತರಗು ಬೆಂಕಿ’ ಎಂದು ಕರೆಯುತ್ತಿದ್ದರು. ಈ ಎರಡು ಪದಗಳಲ್ಲಿರುವುದು ಫಲ ಪಡೆಯುವ ಹಕ್ಕಲ್ಲ, ನಿರ್ವಹಣೆಯ ಹಕ್ಕು. ಹಕ್ಕುಪತ್ರ ಕೈಗೆ ಬಂದ ಬಳಿಕವೂ ಕಾಡಿಗೆ ಬೆಂಕಿ ಹಾಕುವುದನ್ನು ಅರಣ್ಯ ಕಾನೂನು ಅಪರಾಧವೆಂದೇ ಎಣಿಸುತ್ತದೆ.